ಸತ್ಯಾಂಶ: ಹಳೆಯ ಮರದ ಸಾಮಾನಿಗೆ ಗೆದ್ದಲು ಹಿಡಿಯುವುದಿಲ್ಲವೇ?

‘ಅಜ್ಜನ ಕಾಲದ ಮರಕ್ಕೆ ಗೆದ್ದಲು ಮುಟ್ಟುವುದಿಲ್ಲ, ಈಗಿನದೆಲ್ಲ ಕಸ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಗೆದ್ದಲನ್ನು ತಡೆಯುವುದು ಮರದ ವಯಸ್ಸಲ್ಲ, ಅದರ ಚೇಗು, ಅಂದರೆ ಕಾಂಡದ ನಡುವಿನ ಬಲಿತ ಒಳತಿರುಳು. ಬಲಿತ ತೇಗದ ಒಳತಿರುಳಿನಲ್ಲಿರುವ ಎಣ್ಣೆ ಮತ್ತು ಟೆಕ್ಟೊಕ್ವಿನೋನ್‌ನಂತಹ ರಾಸಾಯನಿಕಗಳು ಹುಳುಗಳಿಗೆ ಒಗ್ಗುವುದಿಲ್ಲ. ಹಲಸಿನ ಹಳದಿ ಚೇಗು ಕೂಡ ಗಟ್ಟಿಯೇ. ಆದರೆ ತೊಗಟೆಯ ಪಕ್ಕದ ಬಿಳಿ ಭಾಗಕ್ಕೆ ಈ ರಕ್ಷಣೆ ಇಲ್ಲ. ನೂರು ವರ್ಷದ ಪತ್ತಾಯದಲ್ಲೂ (ಭತ್ತ ತುಂಬಿಡುವ ಮರದ ಪೆಟ್ಟಿಗೆ) ಆ ಅಂಚು ಟೊಳ್ಳಾಗಿರಬಹುದು.

ಹಳೆಯದರ ನಿಜವಾದ ಹಿರಿಮೆ ಬೇರೆ ಕಡೆ ಇದೆ. ಆಚಾರಿಗಳು ಒಂದು ತುಂಡಿನ ತುದಿಯನ್ನು ಇನ್ನೊಂದರ ತೂತಿಗೆ ಕೂಡಿಸಿ ಮರದ ಬೆಣೆ ಹೊಡೆಯುತ್ತಿದ್ದರು. ಕಾಲು ಸಡಿಲವಾದರೆ ಬಿಚ್ಚಿ ಮತ್ತೆ ಬಿಗಿಯಬಹುದು, ಹೊಳಪು ಹೋದರೆ ಉಜ್ಜಿ ತರಬಹುದು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಅಗ್ಗದ ಹಲಗೆಗೆ ಆ ಭಾಗ್ಯವಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ತೇವ ಹೀರಿ ಅದು ಉಬ್ಬುತ್ತದೆ, ತಿರುಪು ಹಿಡಿತ ಬಿಡುತ್ತದೆ.

ಹಾಗೆಂದು ಹೊಸದೆಲ್ಲ ಕಸವೆನ್ನುವುದು ಅನ್ಯಾಯ. ಭಾರತೀಯ ಮಾನಕವಾದ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ನೀರು ತಾಳುತ್ತದೆ. ಹುಳು ತಡೆಯುವ ಬೋರಾನ್ ಲವಣದ ಉಪಚಾರ ಪಡೆದ ರಬ್ಬರ್ ಮರಕ್ಕೆ ಮನೆಯೊಳಗೆ, ಮರವನ್ನು ಕೊರೆದು ಪುಡಿ ಮಾಡುವ ಕುಟ್ಟೆ ಹುಳುವಿನ ಕಾಟ ಕಡಿಮೆ.

ಹಳೆಯ ಕಪಾಟು ಕೊಳ್ಳುವವರು ಅದನ್ನು ತಿರುಗಿಸಿ ಹಿಂಬದಿ, ಕಾಲಿನ ಅಡಿ ನೋಡಬೇಕು. ಸಣ್ಣ ತೂತುಗಳಿಂದ ಹೊಸದಾಗಿ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿರುವ ಸಾಧ್ಯತೆ ಹೆಚ್ಚು.