ಹಾಯಿದೋಣಿಯಲ್ಲೊಂದು ಗೋಬರ್ ಗ್ಯಾಸ್

ನಮ್ಮ ಹಾಯಿದೋಣಿಯ ಕ್ಯಾಬಿನ್ನಿಗೆ ಮೊದಲ ಸಲ ಇಳಿಯುತ್ತಿದ್ದ ನಮ್ಮತ್ತೆಯವರು ಎರಡು ಮೆಟ್ಟಿಲು ಇಳಿದು, ಮೂರನೆಯದಕ್ಕೆ ಕಾಲಿಡುವ ಮೊದಲೇ ನಿಂತು, ಸೆರಗಿನ ತುದಿಯನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು, "ಹಲಸಿನ ಹಣ್ಣು ಏನಾದ್ರೂ ತಂದಿಟ್ಟಿದ್ದೀರಾ?" ಎಂದು ಕೇಳಿದರು. ತೀರ್ಥಹಳ್ಳಿ ಸೀಮೆಯವರು ಅಳಿಯನ ಆಸ್ತಿಯನ್ನು ನೇರವಾಗಿ ಹಳಿಯುವುದಿಲ್ಲ. ನಾನು ಇಲ್ಲವೆಂದೆ. ಅವರು "ಹಾಗಾ" ಎಂದು ಬಂದ ಮೆಟ್ಟಿಲುಗಳನ್ನೇ ಹತ್ತಿ ಮೇಲೆ ಹೋಗಿ, ಸಿಯಾಟಲ್‌ನ ಆ ಚಳಿಗಾಳಿಯಲ್ಲಿ ಮೂರು ಗಂಟೆ ಶಾಲು ಹೊದ್ದು ಡೆಕ್ಕಿನ ಮೇಲೆಯೇ ಕುಳಿತಿದ್ದರು. ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟದ ಅರ್ಥವನ್ನು ಮದುವೆಯಾದವರಿಗೆ ವಿವರಿಸಬೇಕಾಗಿಲ್ಲ.

ಮೂವತ್ತು ಅಡಿ ಉದ್ದದ, ಎಂಬತ್ತರ ದಶಕದ ಆ ದೋಣಿಯನ್ನು ನಾನೂ ನನ್ನ ಹುಬ್ಬಳ್ಳಿಯ ಗೆಳೆಯನೂ ಅರ್ಧರ್ಧ ಹಣ ಹಾಕಿ ಕೊಂಡಿದ್ದೆವು. ನೋಡಲು ಹೋದ ದಿನ ಕ್ಯಾಬಿನ್ನಿನ ಮೂಲೆಮೂಲೆಯಲ್ಲೂ ಹುರಿದ ಕಾಫಿ ಬೀಜ ತುಂಬಿದ ಬಟ್ಟಲುಗಳಿದ್ದವು. ಮಾರುವವನು ಎಂಥ ರಸಿಕನಿರಬೇಕೆಂದು ನಾವು ಚಿಕ್ಕಮಗಳೂರನ್ನು ನೆನೆದು ಮಾತಾಡಿಕೊಂಡೆವು. ಬೀಜಗಳನ್ನು ಅವನು ತನ್ನ ಜೊತೆಗೇ ಕೊಂಡೊಯ್ದ ಮೇಲೆ, ಅವು ಮುಚ್ಚಿಟ್ಟಿದ್ದ ಸಂಗತಿ ನಮ್ಮ ಪಾಲಿಗೆ ಉಳಿಯಿತು. ಆದರೂ ನಮಗದು ಬಹುಕಾಲ ತಿಳಿಯಲಿಲ್ಲ, ಏಕೆಂದರೆ ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಎಷ್ಟೋ ಕಡಿಮೆ ಇದ್ದರೂ ಹೊರಗಿನಿಂದ ಬಂದವರ ಮೂಗಿಗೆ ಬಡಿಯುತ್ತದೆಯಾದರೂ, ಅದರಲ್ಲೇ ಕುಳಿತವನ ಮೂಗು ಸ್ವಲ್ಪ ಹೊತ್ತಿನಲ್ಲಿ ಸೋತು ಸುಮ್ಮನಾಗಿಬಿಡುತ್ತದೆ. ನಾವಿಬ್ಬರೂ ಪ್ರತಿ ಶನಿವಾರ ಸೋತವರೇ.

ದೋಣಿಯ ಶೌಚಾಲಯಕ್ಕೆ ಇಂಗ್ಲಿಷಿನ ನಾವಿಕರು 'ಹೆಡ್' ಎನ್ನುತ್ತಾರೆ. ಹಳೆಯ ಹಾಯಿಹಡಗುಗಳಲ್ಲಿ ನಾವಿಕರು ಈ ಕಾರ್ಯಕ್ಕೆ ಹಡಗಿನ ತಲೆಯ ಕಡೆಗೆ, ಅಂದರೆ ಮುಂಭಾಗದ ತುದಿಗೆ ಹೋಗುತ್ತಿದ್ದರು. ಗಾಳಿ ಹೆಚ್ಚಾಗಿ ಹಿಂದಿನಿಂದ ಬೀಸುತ್ತಿದ್ದುದರಿಂದ ವಾಸನೆ ಯಾರಿಗೂ ತೊಂದರೆ ಕೊಡದೆ ಮುಂದಕ್ಕೆ ಸಾಗುತ್ತಿತ್ತು. ನಮ್ಮ ಕಾಲದಲ್ಲಿ ಅದು ಕ್ಯಾಬಿನ್ನಿನೊಳಗೆ, ಅಡುಗೆಯ ಕಟ್ಟೆಯಿಂದ ಐದು ಹೆಜ್ಜೆ ದೂರಕ್ಕೆ ಬಂದು ಕುಳಿತಿದೆ. ಹೀಗಾಗಿ ನಾವಿಕರ ಭಾಷೆಯಲ್ಲಿ 'ತಲೆ ಕೆಟ್ಟಿದೆ' ಎಂದರೆ ಶೌಚಾಲಯ ಕೆಟ್ಟಿದೆ ಎಂದರ್ಥ. ಆ ಬೇಸಿಗೆಯಲ್ಲಿ ನಮಗೆ ಎರಡೂ ಅರ್ಥಗಳು ಹೊಂದುತ್ತಿದ್ದವು.

ಒಳಗಿನದನ್ನು ಸಮುದ್ರಕ್ಕೆ ಬಿಟ್ಟು ಕೈತೊಳೆದುಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಅಮೆರಿಕದ ಕರಾವಳಿಯಲ್ಲಿ ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ಶೌಚವನ್ನು ಬಿಡುವಂತಿಲ್ಲ. ನಾವು ದೋಣಿ ನಡೆಸುವ ಪ್ಯೂಜೆಟ್ ಸೌಂಡ್‌ನಲ್ಲಂತೂ 2018ರ ಮೇ ತಿಂಗಳಿಂದ ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ಹೊರಕ್ಕೆ ಹೋಗುವ ವಾಲ್ವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಎಲ್ಲವನ್ನೂ ಹೋಲ್ಡಿಂಗ್ ಟ್ಯಾಂಕಿನಲ್ಲಿ ಕೂಡಿಟ್ಟು, ದಡದ ಪಂಪ್‌ಔಟ್ ಕಟ್ಟೆಗೆ ಹೋಗಿ ಹೀರಿಸಿಕೊಂಡು ಬರಬೇಕು. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಅದೇ ನೀರಿನಲ್ಲಿ ಜನ ಏಡಿ ಹಿಡಿಯುತ್ತಾರೆ. ತಕರಾರಿದ್ದುದು ಬೆಂಚಿನ ಕೆಳಗೆ ಕುಳಿತಿದ್ದ ಎಪ್ಪತ್ತು ಲೀಟರಿನ ಆ ಟ್ಯಾಂಕಿನ ಬಗ್ಗೆ. ಆ ಬೆಂಚಿನ ಮೇಲೆಯೇ ನಾವು ಕುಳಿತು ಚಿತ್ರಾನ್ನ ತಿನ್ನುತ್ತಿದ್ದೆವು.

ಹಲಸಿನ ಹಣ್ಣಿನ ಪ್ರಸಂಗದ ಮರುವಾರ ನಮ್ಮ ಚಿಕಿತ್ಸೆ ಆರಂಭವಾಯಿತು. ನಾನು ಅಗರಬತ್ತಿ ಹಚ್ಚಿದೆ. ಪರಿಣಾಮವಾಗಿ ಕ್ಯಾಬಿನ್ನಿನಲ್ಲಿ ಜಾತ್ರೆಯ ಮೂರನೆಯ ದಿನದ ವಾಸನೆ ಹುಟ್ಟಿತು. ಮೂಲೆಗಳಲ್ಲಿ ನುಸಿಗುಳಿಗೆ ಇಟ್ಟೆವು. ಅಜ್ಜಿಯ ಪೆಟ್ಟಿಗೆಯನ್ನು ಬಚ್ಚಲಿನಲ್ಲಿ ತೆರೆದಂತಾಯಿತು. ಗೆಳೆಯನು ಅಂಗಡಿಯಿಂದ ನೀಲಿ ಬಣ್ಣದ ದ್ರಾವಣವೊಂದನ್ನು ತಂದು ಟ್ಯಾಂಕಿಗೆ ಸುರಿದ. ಅದು ಒಳಗಿದ್ದ ಕೆಟ್ಟ ಸೂಕ್ಷ್ಮಜೀವಿಗಳ ಜೊತೆಗೆ ಒಳ್ಳೆಯವನ್ನೂ ಕೊಂದು, ಎರಡು ವಾರದ ನಂತರ ಕೆಟ್ಟವು ಮಾತ್ರ ಹೊಸ ಹುರುಪಿನಿಂದ ಮರಳಿದವು. ಕೊನೆಗೆ ಬ್ಲೀಚ್ ಸುರಿದೆವು. ಟಾಯ್ಲೆಟ್ಟಿನ ಹಿಂದೆ ಒಂದೇ ದಿಕ್ಕಿಗೆ ತೆರೆಯಬೇಕಾದ ರಬ್ಬರಿನ ತುಂಡೊಂದಿರುತ್ತದೆ, ಅದಕ್ಕೆ 'ಜೋಕರ್ ವಾಲ್ವ್' ಎಂದು ಹೆಸರು. ಬ್ಲೀಚ್ ತಾಗಿದ ಆ ರಬ್ಬರು ತನ್ನ ಬಿಗಿಯನ್ನು ಕಳೆದುಕೊಂಡು, ಕಳಿಸಿದ್ದನ್ನೆಲ್ಲ ನಿಧಾನವಾಗಿ ಹಿಂದಕ್ಕೆ ಕಳಿಸತೊಡಗಿದಾಗ, ಹೆಸರಿಟ್ಟವನು ಅನುಭವಸ್ಥನೆಂದು ನನಗೆ ಮನವರಿಕೆಯಾಯಿತು.

ಪರಿಹಾರ ಬಂದುದು ಸಾಗರದ ಹತ್ತಿರದ ನಮ್ಮೂರಿನಿಂದ. ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗಿನಿಂದಲೂ ಗೋಬರ್ ಗ್ಯಾಸ್ ಇದೆ. ಕೊಟ್ಟಿಗೆಯ ಪಕ್ಕದ ಬಾವಿಯಂಥ ಗುಂಡಿಯಲ್ಲಿ ಕವುಚಿ ಹಾಕಿದ ಕಬ್ಬಿಣದ ಡ್ರಮ್ಮು ರಾತ್ರಿಯೆಲ್ಲ ಗ್ಯಾಸ್ ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ಮೇಲೆದ್ದಿರುತ್ತಿತ್ತು, ಅದು ಎಷ್ಟು ಗೇಣು ಎದ್ದಿದೆಯೆಂದು ನೋಡಿಯೇ ಅಮ್ಮ ಆ ದಿನ ದೋಸೆಯೋ ಉಪ್ಪಿಟ್ಟೋ ಎಂದು ತೀರ್ಮಾನಿಸುತ್ತಿದ್ದಳು. ವಿಡಿಯೋ ಕರೆಯಲ್ಲಿ ನಾನು ಟ್ಯಾಂಕನ್ನು ತೋರಿಸಿದಾಗ ಅಪ್ಪಯ್ಯ ಕನ್ನಡಕ ಏರಿಸಿಕೊಂಡು, ರೋಗಿಯನ್ನು ನೋಡುವ ವೈದ್ಯರಂತೆ ಒಂದೇ ಪ್ರಶ್ನೆ ಕೇಳಿದರು: "ಇದಕ್ಕೆ ಗಾಳಿ ಎಲ್ಲಿಂದ ಹೋಗ್ತದೆ ಮಾರಾಯ?"

ನಾನು ತಡವರಿಸಿದೆ.

"ಗ್ಯಾಸ್ ಆಗ್ಬೇಕು ಅಂದ್ರೆ ಗಾಳಿ ಹೋಗ್ಬಾರ್ದು. ಗ್ಯಾಸ್ ಆಗ್ಬಾರ್ದು ಅಂದ್ರೆ ಗಾಳಿ ಹೋಗ್ಬೇಕು. ಇಷ್ಟಕ್ಕೆ ಅಮೆರಿಕಕ್ಕೆ ಹೋಗಿ ಓದ್ಬೇಕಿತ್ತೇನೋ?"

ನಾಚಿಕೆಯ ಸಂಗತಿಯೆಂದರೆ ಇದು ಅಕ್ಷರಶಃ ಸರಿಯಾಗಿತ್ತು. ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನಿನ ಜೊತೆಗೆ ಹೈಡ್ರೋಜನ್ ಸಲ್ಫೈಡನ್ನೂ ಹುಟ್ಟಿಸುತ್ತವೆ. ಮೀಥೇನಿಗೆ ವಾಸನೆಯಿಲ್ಲ, ಗೋಬರ್ ಗ್ಯಾಸಿನ ಒಲೆ ಹಚ್ಚುವಾಗ ಮೂಗಿಗೆ ಬರುವುದು ಎರಡನೆಯದು. ಅದೇ ಜಾಗಕ್ಕೆ ಧಾರಾಳವಾಗಿ ಗಾಳಿ ಬಿಟ್ಟರೆ ಗಾಳಿ ಬೇಡುವ ಜೀವಿಗಳ ಕೈ ಮೇಲಾಗಿ, ಅವು ಅದೇ ಮಾಲಿನಿಂದ ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡನ್ನು ಉಂಟುಮಾಡುತ್ತವೆ. ದೋಣಿ ಕಟ್ಟಿದವರು ಟ್ಯಾಂಕಿನಿಂದ ಹೊರಮೈಗೆ ಒಂದು ವೆಂಟ್ ಪೈಪನ್ನು ಕೊಟ್ಟೇ ಇದ್ದರು. ಅದರ ಒಳವ್ಯಾಸ 16 ಮಿಲಿಮೀಟರು, ಎಂದರೆ ಹೆಬ್ಬೆರಳೂ ಹೋಗದಷ್ಟು, ಮತ್ತು ಅದು ಎಷ್ಟೋ ವರ್ಷಗಳಿಂದ ಮುಚ್ಚಿಹೋಗಿತ್ತು. ನಾವು ಸಾವಿರಾರು ಡಾಲರ್ ಕೊಟ್ಟು ಡ್ರಮ್ಮು ಏಳದ ಗೋಬರ್ ಗ್ಯಾಸ್ ಒಂದನ್ನು ಕೊಂಡಿದ್ದೆವು.

ವೆಂಟಿನ ಬಾಯಿ ದೋಣಿಯ ಹೊರಮೈಯಲ್ಲಿ, ನೀರಿನಿಂದ ಎರಡಡಿ ಮೇಲಿತ್ತು. ಗೆಳೆಯನು ರಬ್ಬರ್ ದೋಣಿಯಲ್ಲಿ ಕುಳಿತು ಹೊರಗಿನಿಂದ ತಂತಿ ಚುಚ್ಚುವುದೆಂದೂ, ನಾನು ಒಳಗೆ ಟಾಯ್ಲೆಟ್ಟಿನ ಕೈಪಂಪಿನ ಹಿಡಿಯನ್ನು ಹೊಡೆದು ಹಿಂದಿನಿಂದ ಸ್ವಲ್ಪ ಒತ್ತಡ ಕೊಡುವುದೆಂದೂ ತೀರ್ಮಾನಿಸಿದೆವು. ಟ್ಯಾಂಕು ಮುಕ್ಕಾಲು ತುಂಬಿದೆಯೆಂಬುದು ಇಬ್ಬರಿಗೂ ಗೊತ್ತಿತ್ತು. ಮೊದಲು ಖಾಲಿ ಮಾಡಿಸೋಣವೆಂದು ಯಾರೂ ಹೇಳಲಿಲ್ಲ. ಇಪ್ಪತ್ತು ಸಲ ಪಂಪ್ ಹೊಡೆದೆ. ಹಿಡಿ ಬಿಗಿಯಾಯಿತು. "ಇನ್ನೊಂದಿಷ್ಟು ಹೊಡಿಯಲೇ, ಏನೋ ಅಳ್ಳಾಡಾಕತ್ತೈತಿ" ಎಂದು ಹೊರಗಿನಿಂದ ಧ್ವನಿ ಬಂತು. ಹೊಡೆದೆ. ಸೋಡಾ ಬಾಟಲಿಯ ಗೋಲಿ ಒಳಗಿಳಿದಂತೆ ಒಂದು ಸದ್ದು, ಅದರ ಬೆನ್ನಿಗೆ ದೀರ್ಘವಾದ ಒಂದು ನಿಟ್ಟುಸಿರು, ಆಮೇಲೆ ಪೂರ್ತಿ ಮೌನ. ಕಿಟಕಿಯಿಂದ ಇಣುಕಿದೆ. ಗೆಳೆಯನು ಕಣ್ಣು ಮುಚ್ಚಿಕೊಂಡು, ತಂತಿಯನ್ನು ಇನ್ನೂ ಎತ್ತಿ ಹಿಡಿದುಕೊಂಡು ಕುಳಿತಿದ್ದ. ಅವನ ಹಳದಿ ಜಾಕೆಟ್ಟು ಹಳದಿಯಾಗಿ ಉಳಿದಿರಲಿಲ್ಲ. ತುಟಿಗಳನ್ನು ಆದಷ್ಟು ಕಡಿಮೆ ತೆರೆದು ಅವನು ಹೇಳಿದ: "ನಿಮ್ಮಪ್ಪಗ ಫೋನ್ ಹಚ್ಚು. ಗ್ಯಾಸ್ ಬಂತು ಅಂತ ಹೇಳು."

ಗಡಿಬಿಡಿಯಲ್ಲಿ ಅವನ ಹುಟ್ಟು ನೀರಿಗೆ ಬಿದ್ದು ತೇಲಿಹೋಯಿತು. ಪಕ್ಕದ ದೋಣಿಯ ಮುದುಕರು ಅದನ್ನು ಹಿಡಿದು, ತಮ್ಮಲ್ಲಿದ್ದ ಅತಿ ಉದ್ದದ ಕೊಕ್ಕೆಗೋಲಿನ ತುದಿಗೆ ಸಿಕ್ಕಿಸಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಮರಳಿಸಿದರು.

ಮುಂದಿನ ತಿಂಗಳು ಟ್ಯಾಂಕನ್ನು ಖಾಲಿ ಮಾಡಿಸಿ ತೊಳೆದು, 25 ಮಿಲಿಮೀಟರಿನ ವೆಂಟ್ ಪೈಪುಗಳನ್ನು ಒಂದರ ಬದಲು ಎರಡು, ದೋಣಿಯ ಎರಡೂ ಪಕ್ಕಕ್ಕೆ ಹಾಕಿಸಿದೆವು. ಒಂದರಿಂದ ಹೊಕ್ಕ ಗಾಳಿ ಇನ್ನೊಂದರಿಂದ ಹೊರಡುತ್ತದೆ. ವಾಸನೆ ಮುಕ್ಕಾಲು ಪಾಲು ಹೋಯಿತು. ಆದರೆ ಶನಿವಾರ ಬೆಳಿಗ್ಗೆ ಮೊದಲ ಸಲ ಪಂಪ್ ಹೊಡೆದಾಗ ಮಾತ್ರ ಮೊಟ್ಟೆಯ ವಾಸನೆ ಭಗ್ಗನೆ ಏಳುತ್ತಿತ್ತು, ಅದೂ ಟ್ಯಾಂಕು ಖಾಲಿಯಿದ್ದ ವಾರವೂ. ಇದರಲ್ಲಿ ನಮ್ಮ ಪಾಲೇನೂ ಇರಲಿಲ್ಲವೆಂದು ತಿಳಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಇಂಥ ಟಾಯ್ಲೆಟ್ಟು ತೊಳೆಯಲು ಸಮುದ್ರದ ನೀರನ್ನೇ ಎಳೆದುಕೊಳ್ಳುತ್ತದೆ. ವಾರವಿಡೀ ಪೈಪಿನಲ್ಲಿ ನಿಂತ ಆ ನೀರಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ಸತ್ತು ಕೊಳೆಯುತ್ತವೆ, ಮತ್ತು ಲೀಟರಿಗೆ ಎರಡೂವರೆ ಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರುವ ಸಮುದ್ರದ ನೀರು ಸೂಕ್ಷ್ಮಜೀವಿಗಳಿಗೆ ಅದೇ ಹಳೆಯ ಅನಿಲವನ್ನು ತಯಾರಿಸಲು ಬೇಕಾದಷ್ಟು ಗಂಧಕವನ್ನು ಒದಗಿಸುತ್ತದೆ. ಮನೆಗೆ ಹೊರಡುವ ಮುನ್ನ ಸಮುದ್ರದ ನೀರು ಒಳಬರುವ 'ಸೀಕಾಕ್' ಎಂಬ ವಾಲ್ವನ್ನು ಮುಚ್ಚಿ, ಸಿಂಕಿನಲ್ಲಿ ಸಿಹಿನೀರು ತುಂಬಿ, ಅದನ್ನು ಅದೇ ಪೈಪಿನ ಮೂಲಕ ಎಳೆದುಬಿಟ್ಟರೆ ಮುಗಿಯಿತು. ಸೀಕಾಕ್ ಮುಚ್ಚುವುದು ವಾಸನೆಗಷ್ಟೇ ಒಳ್ಳೆಯದಲ್ಲ. 1945ರ ಏಪ್ರಿಲ್ 14ರಂದು ಯು-1206 ಎಂಬ ಜರ್ಮನ್ ಜಲಾಂತರ್ಗಾಮಿಯು ಸ್ಕಾಟ್ಲೆಂಡಿನ ಕರಾವಳಿಯ ಹತ್ತಿರ ಮುಳುಗಿದ್ದು ಟಾಯ್ಲೆಟ್ಟಿನ ವಾಲ್ವಿನ ಗೊಂದಲದಿಂದ ನೀರು ಒಳನುಗ್ಗಿದ್ದರಿಂದ ಆರಂಭವಾದ ಅನಾಹುತದಲ್ಲೇ. ಅದನ್ನು ಓದಿದಂದಿನಿಂದ ನಮ್ಮ ಹಿಡಿಯ ಪಕ್ಕದಲ್ಲಿ ಕನ್ನಡದಲ್ಲಿ ಬರೆದ ಸೂಚನೆಯೊಂದು ಅಂಟಿದೆ.

ಇನ್ನುಳಿದದ್ದು ಪೈಪಿನ ಮೈಯಿಂದಲೇ ಜಿನುಗುವ ವಾಸನೆ. ಶೌಚದ ರಬ್ಬರ್ ಪೈಪು ಹಳತಾದರೆ ಒಂದು ಹನಿಯೂ ಸೋರದೆ ವಾಸನೆಯನ್ನು ಮಾತ್ರ ಸೋರಿಸುತ್ತದೆ. ಪರೀಕ್ಷೆ ಸುಲಭ: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸುತ್ತಿ, ತಣಿದ ಮೇಲೆ ಬಿಚ್ಚಿ ಬಟ್ಟೆಯನ್ನು ಮೂಸಬೇಕು. ನಮ್ಮ ಮೂಗುಗಳು ಸೋತ ಮೂಗುಗಳಾದ್ದರಿಂದ ಆ ಕೆಲಸ ಹೆಂಡತಿಯ ಪಾಲಿಗೆ ಬಂತು. ಆರು ತುಂಡು ಬಟ್ಟೆಗಳನ್ನು ಡೆಕ್ಕಿನ ಮೇಲೆ ಸಾಲಾಗಿಟ್ಟುಕೊಂಡು, ಕಾಫಿಪುಡಿ ಅಂಗಡಿಯ ಯಜಮಾನನ ಗಾಂಭೀರ್ಯದಿಂದ ಒಂದೊಂದನ್ನೇ ಎತ್ತಿ ಮೂಸಿ, ಮೂರನೆಯದನ್ನು ನನ್ನ ಕಡೆಗೆ ಎಸೆದಳು. ಆ ಭಾಗದಲ್ಲಿ ಪೈಪು ತೊಟ್ಟಿಲಿನಂತೆ ಜೋತುಬಿದ್ದು ಸದಾ ತುಂಬಿಕೊಂಡೇ ಇರುತ್ತಿತ್ತು. ಕೆಟಲಿನ ಬಿಸಿನೀರು ಸುರಿದು ಮೆದುಗೊಳಿಸಿ, ಒಂದು ಕೈ ಮಾತ್ರ ಹೋಗುವ ಕಂಡಿಯಲ್ಲಿ ಮಲಗಿ ಅದನ್ನು ಕೀಳಲು ಒಂದಿಡೀ ಭಾನುವಾರ ಹಿಡಿಯಿತು. ಕತ್ತರಿಸಿ ನೋಡಿದರೆ 38 ಮಿಲಿಮೀಟರಿನ ಪೈಪಿನೊಳಗೆ ಬಚ್ಚಲ ಹಂಡೆಗೆ ಕಟ್ಟುವಂಥ ಬಿಳಿಯ ಸುಣ್ಣ ದಪ್ಪಗೆ ಕಟ್ಟಿ, ನಡುವೆ ಹೆಬ್ಬೆಟ್ಟಿನಷ್ಟು ದಾರಿ ಉಳಿದಿತ್ತು. ಸಮುದ್ರದ ನೀರೂ ಮೂತ್ರವೂ ಕೂಡಿದ ಕಡೆ ಈ ಸುಣ್ಣ ಕಟ್ಟದೆ ಇರದು. ಆಗಾಗ ವಿನಿಗರ್ ಸುರಿದಿದ್ದರೆ ಇಷ್ಟು ಕಟ್ಟುತ್ತಿರಲಿಲ್ಲ. ಹೊಸ ಪೈಪನ್ನು ಜೋಲು ಬೀಳದಂತೆ ಹಾಕಿದೆವು. ಅದರ ಮೀಟರು ಉದ್ದದಲ್ಲಿ ಒಂದು ಲೀಟರಿಗಿಂತ ಹೆಚ್ಚು ಹಿಡಿಸುವುದರಿಂದ, ನಾಲ್ಕು ಸಲ ಪಂಪ್ ಹೊಡೆದು ಎದ್ದುಬಂದರೆ ಎಲ್ಲವೂ ಅರ್ಧದಾರಿಯಲ್ಲೇ ಉಳಿಯುತ್ತದೆಂದು ಲೆಕ್ಕ ಹಾಕಿ, ಹದಿನೈದು ಸಲ ಹೊಡೆಯಲೇಬೇಕೆಂಬ ಕಟ್ಟಳೆ ಮಾಡಿದೆವು. ಸಂಕೋಚದ ಅತಿಥಿಗಳು ಕದ್ದು ಎಂಟಕ್ಕೇ ನಿಲ್ಲಿಸುತ್ತಾರೆಂದು ಗೊತ್ತಾದ ಮೇಲೆ, ಎಣಿಕೆ ಗಟ್ಟಿಯಾಗಿ ಕೇಳಬೇಕೆಂಬ ತಿದ್ದುಪಡಿಯೂ ಬಂತು.

ಎರಡು ವರ್ಷದ ನಂತರ ಬೇಸಿಗೆಯಲ್ಲಿ ಅತ್ತೆಯವರು ಮತ್ತೆ ಬಂದರು. ಎರಡು ಮೆಟ್ಟಿಲು ಇಳಿದರು, ಮೂರನೆಯದರ ಹತ್ತಿರ ನಿಂತರು, ಸೆರಗು ಮೂಗಿನ ಕಡೆಗೆ ಹೊರಟು ಅರ್ಧಕ್ಕೆ ನಿಂತಿತು. ಏನೂ ಹೇಳದೆ ಇಳಿದು ಬಂದು, ಟ್ಯಾಂಕಿನ ಮೇಲಿನ ಬೆಂಚಿನಲ್ಲೇ ಕುಳಿತು, ಚಿತ್ರಾನ್ನಕ್ಕೆ ಸ್ವಲ್ಪ ಉಪ್ಪು ಕಡಿಮೆಯೆಂದರು. ಊಟದ ನಂತರ ಕಟ್ಟಳೆಯನ್ನು ಕೇಳಿ ತಿಳಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಂಪಿನ ಸದ್ದು ಶುರುವಾಯಿತು. ಅದರೊಡನೆ, ಅರ್ಧ ಆಯುಷ್ಯವನ್ನು ಕಣದಲ್ಲಿ ಭತ್ತ ಅಳೆದು ಕಳೆದ, 'ಒಂದು' ಎಂಬ ಮಾತನ್ನು ಅಳತೆಯಲ್ಲಿ ಎಂದೂ ಬಾಯಿಂದ ಆಡಿರದ ಆ ಧ್ವನಿ, ನಾಲ್ಕು ದೋಣಿಗಳಾಚೆಗೂ ಕೇಳುವಂತೆ ಎಣಿಸತೊಡಗಿತು:

"ಲಾಭ... ಎರಡು... ಮೂರು..."