ಕಾರ್ಡು ಹಳೇದೈತೆ ಸಾರ್

ತಲೆ ಕೆಟ್ಟಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಕೆಲಸ ಇರುವವರು ಈಗಲೇ ಮುಂದಕ್ಕೆ ಹೋಗಿ.

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮ ಮಾವನ ಮೆಕ್ಕೆಜೋಳದ ಮಂಡಿ ಇದೆಯಲ್ಲ, ಅಲ್ಲಿ ತೂಕದ ಚೀಟಿಗಳ ಕಟ್ಟಿನ ಹಿಂದೆ ನಾನೇ ಕೂರಿಸಿದ ಒಂದು ಹಳೇ ಕಂಪ್ಯೂಟರ್ ಡಬ್ಬ ಇದೆ. ವಿಂಡೋಸ್ ಬದಲು ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡುತ್ತದೆ. ಜೋಳದ ಧೂಳು ಕುಡಿದುಕೊಂಡು, ರಾತ್ರಿ ಲೆಕ್ಕದ ಬ್ಯಾಕಪ್ ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಹೋದ ವಾರದಿಂದ 300 ಎಂಬಿ ಫೈಲ್ ನೆಟ್‌ವರ್ಕ್ ಮೇಲೆ ಕಾಪಿ ಆಗುವುದಕ್ಕೆ ಮುಕ್ಕಾಲು ಗಂಟೆ. ಮಾವ ಒಬ್ಬ ಹುಡುಗನನ್ನು ಕರೆಸಿದರು. ಇವತ್ತು ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಬಂದ, ಮುಚ್ಚಳ ಬಿಚ್ಚಿದ, ಒಂದು ಸಲ ಊದಿದ.

"ಕಾರ್ಡು ಭಾಳ ಹಳೇದೈತೆ ಸಾರ್. ಅದ್ಕೇ ಸ್ಲೋ."

ಅಷ್ಟೇ. ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಾರ್ಡ್ ಅದು. ಕೀಬೋರ್ಡ್ ಮುಟ್ಟಲಿಲ್ಲ. ಮಾನಿಟರ್ ಆನ್ ಕೂಡ ಮಾಡಲಿಲ್ಲ. ಹಳೇದು ಅನ್ನುವುದು ಯಾವಾಗಿನಿಂದ ಕಾಯಿಲೆಯ ಹೆಸರಾಯಿತು ಮಾರಾಯ್ರೇ? ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಹಳೇದು ಅಂತ ಯಾರಾದರೂ ಎದ್ದು ಹೋಗುತ್ತಾರಾ?

ಅದು ಒಳ್ಳೇ ಕಾರ್ಡ್ ಅಂತ ನಾನು ವಾದ ಮಾಡುತ್ತಿಲ್ಲ. ರಿಯಲ್‌ಟೆಕ್ 8139. ಫ್ರೀಬಿಎಸ್‌ಡಿಗೆ ಇದರ ಡ್ರೈವರ್ (ಕಾರ್ಡ್ ನಡೆಸುವ ಪ್ರೋಗ್ರಾಂ) ಬರೆದ ಬಿಲ್ ಪಾಲ್, ಕೋಡ್ ಒಳಗೇ ಕಾಮೆಂಟ್ ಹಾಕಿ ಈ ಚಿಪ್‌ನ ಮಾನ ಹರಾಜು ಹಾಕಿದ್ದಾರೆ. ಬಂದ ಪ್ಯಾಕೆಟ್‌ಗಳನ್ನೆಲ್ಲ ಒಂದೇ ಬಫರಿಗೆ ಸುರಿಯುತ್ತದೆ. ಅಲ್ಲಿಂದ ಒಂದೊಂದನ್ನೇ ಎತ್ತಿ ಇಡುವ ಹಮಾಲಿ ಕೆಲಸ ಸಿಪಿಯುದು. ಹಂಗಿದ್ದರೂ 2021ರಲ್ಲಿ ಫ್ರೀಬಿಎಸ್‌ಡಿ 13.0 ಬಂದಾಗ ಎಷ್ಟೋ 10/100 ಎಂಬಿಪಿಎಸ್ ಕಾರ್ಡ್‌ಗಳ ಡ್ರೈವರ್ ಕಿತ್ತು ಹಾಕಿದರೂ ಇದರದ್ದನ್ನು ಮುಟ್ಟಲಿಲ್ಲ. ಇದರ ವೇಗ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಹತ್ತು-ಹನ್ನೊಂದು ಎಂಬಿ. ಆ ಫೈಲ್ ಅರ್ಧ ನಿಮಿಷದಲ್ಲಿ ಹೋಗಬೇಕು. ಹಳೇದಾದರೆ ಒಂದು ನಿಮಿಷ ಆಗಲಿ. ಮುಕ್ಕಾಲು ಗಂಟೆ?

ಹುಡುಗನನ್ನು ಕಳಿಸಿ ನಾನೇ ಕೂತೆ. ಪಿಂಗ್ ಮಾಡಿದರೆ (ಚಿಕ್ಕ ಪ್ಯಾಕೆಟ್ ಕಳಿಸಿ 'ಇದ್ದೀಯಾ' ಅಂತ ಕೇಳುವುದು) ಏನೂ ತೊಂದರೆ ಇಲ್ಲ, ಟಕಟಕ ಉತ್ತರ. ದೊಡ್ಡ ಫೈಲ್ ಬಿಟ್ಟರೆ ಮಾತ್ರ ತೆವಳುತ್ತದೆ. ಬೂಟ್ ಮೆಸೇಜ್ ನೋಡಿದೆ, ಕಾರ್ಡ್ ಸರಿಯಾಗೇ ಸಿಕ್ಕಿದೆ. ಕಾರ್ಡಿನ ಲೆಕ್ಕ ತೋರಿಸುವ ನೆಟ್‌ಸ್ಟಾಟ್ -ಐ ಕಮಾಂಡ್ ಹೊಡೆದೆ. ಆರ್‌ಎಲ್0, ಅಂದರೆ ಈ ಕಾರ್ಡಿನ ಸಾಲಿನಲ್ಲಿ ಇನ್‌ಪುಟ್ ಎರರ್ ಸಾವಿರಗಟ್ಟಲೆ, ಕೊಲಿಷನ್ (ಡಿಕ್ಕಿ) ಸೊನ್ನೆ. ಮತ್ತೆ ಹೊಡೆದರೆ ಎರರ್ ಇನ್ನೂ ಏರಿದೆ. ಇಲ್ಲೇ ವಾಸನೆ ಬಂತು. ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಕಾರ್ಡಿನ ಸೆಟ್ಟಿಂಗ್ ತೋರಿಸುವ ಇಫ್‌ಕಾನ್ಫಿಗ್ ಹಾಕಿದರೆ ಮೀಡಿಯಾ ಸಾಲಿನಲ್ಲಿ 100ಬೇಸ್‌ಟಿಎಕ್ಸ್ (100 ಎಂಬಿಪಿಎಸ್), ಫುಲ್ ಡ್ಯೂಪ್ಲೆಕ್ಸ್ ಅಂತ ಇದೆ. ಇರಬೇಕಾದ 'ಆಟೋಸೆಲೆಕ್ಟ್' ಅನ್ನುವ ಪದವೇ ಇಲ್ಲ.

ಗೊತ್ತಿಲ್ಲದವರಿಗೆ: ಫುಲ್ ಡ್ಯೂಪ್ಲೆಕ್ಸ್ ಅಂದರೆ ಎರಡೂ ಕಡೆಯವರು ಒಟ್ಟಿಗೇ ಮಾತಾಡಬಹುದು, ಹಾಫ್ ಅಂದರೆ ಒಮ್ಮೆಗೆ ಒಬ್ಬರೇ. ಆಟೋ ಅಂದರೆ ಕಾರ್ಡ್ ಮತ್ತು ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ತಾವೇ ಮಾತಾಡಿಕೊಂಡು ಇದನ್ನು ಹೊಂದಿಸಿಕೊಳ್ಳುವುದು. ಒಂದು ಕಡೆ ವೇಗ, ಡ್ಯೂಪ್ಲೆಕ್ಸ್ ಎರಡನ್ನೂ ಬಿಗಿದು ಆಟೋ ತೆಗೆದುಹಾಕಿದರೆ ಅದು ಮಾತುಕತೆಯನ್ನೇ ನಿಲ್ಲಿಸುತ್ತದೆ. ಆಟೋದಲ್ಲಿರುವ ಸ್ವಿಚ್ಚಿಗೆ ಸಿಗ್ನಲ್ ನೋಡಿ 100 ಅಂತ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ. ನಿಯಮದ ಪ್ರಕಾರ ಹಾಫ್‌ಗೆ ಇಳಿಯುತ್ತದೆ. ಆಮೇಲೆ ಕಾರ್ಡ್ ತನ್ನ ಪಾಡಿಗೆ ಯಾವಾಗ ಬೇಕಾದರೂ ಮಾತಾಡುತ್ತದೆ, ಸ್ವಿಚ್ ಅದನ್ನು ಡಿಕ್ಕಿ ಅಂದುಕೊಂಡು ಅರ್ಧ ಪ್ಯಾಕೆಟ್ಟಿಗೇ ಬಾಯಿ ಮುಚ್ಚುತ್ತದೆ. ಆ ಅರ್ಧಂಬರ್ಧ ತುಂಡುಗಳೇ ನಾನು ನೋಡಿದ ಎರರ್. ಪಿಂಗ್ ಚಿಕ್ಕದು, ಸಂದಿಯಲ್ಲಿ ನುಸುಳಿ ಹೋಗುತ್ತದೆ.

ಹೋದ ವಾರ ಕರೆಂಟ್ ಏರುಪೇರಾಗಿ ಹಳೇ ಸ್ವಿಚ್ ಸುಟ್ಟಿತ್ತಂತೆ. ಇದೇ ಹುಡುಗ ಹೊಸದು ಹಾಕಿದ್ದ. ಅಲ್ಲಿಂದಲೇ ಸ್ಲೋ. ಇದನ್ನು ಯಾರೂ ಕೂಡಿಸಿ ನೋಡಲಿಲ್ಲ, ಯಾಕೆಂದರೆ ಕಾರ್ಡು ಹಳೇದೈತೆ ಸಾರ್!

"ಆರುನೂರು ರೂಪಾಯಿಗೆ ಗಿಗಾಬಿಟ್ ಕಾರ್ಡ್ ಬರುತ್ತೆ, ನಿನ್ನ ಅರ್ಧ ದಿನ ಹಾಳು ಮಾಡ್ಕೊಂಡ್ಯಲ್ಲ" ಅಂತ ಈಗ ಕಾಮೆಂಟ್ ಹಾಕಲು ಬರುವವರು ಇದ್ದೀರಿ, ಗೊತ್ತು. ಹಾಕಿಸಿದ್ದರೆ ಸರಿ ಹೋಗುತ್ತಿತ್ತು, ಒಪ್ಪಿದೆ. ಹೊಸ ಕಾರ್ಡಿಗೆ ಹೊಸ ಹೆಸರು, ಹಳೇ ಸೆಟ್ಟಿಂಗ್ ಅದಕ್ಕೆ ತಗಲುವುದಿಲ್ಲ. ಹುಡುಗ ಹೀರೋ ಆಗುತ್ತಿದ್ದ. ಏನು ಕೆಟ್ಟಿತ್ತು ಅಂತ ಮಾತ್ರ ಯಾವ ಜನ್ಮಕ್ಕೂ ಗೊತ್ತಾಗುತ್ತಿರಲಿಲ್ಲ. ನಿಮಗೆ ಅದು ಬೇಡ ಅಂದರೆ ಸರಿ, ನನಗೆ ಬೇಕು.

ಇನ್ನೊಂದು ವಿಷಯ. ಹೇಳದೇ ಬಿಡೋಣ ಅಂತಿದ್ದೆ. ಸೆಟ್ಟಿಂಗ್ ಬರೆದಿಡುವ ಆರ್‌ಸಿ.ಕಾನ್ಫ್ ಫೈಲ್ ತೆರೆದರೆ ಫುಲ್ ಡ್ಯೂಪ್ಲೆಕ್ಸ್ ಅಂತ ಬಿಗಿದ ಸಾಲಿನ ಮೇಲೆ ಒಂದು ಟಿಪ್ಪಣಿ ಇತ್ತು: 'ಮುಟ್ಟಬೇಡಿ'. ಕೆಳಗೆ ನನ್ನದೇ ಇನಿಶಿಯಲ್, 2009. ಆಗ ಬೆಂಗಳೂರಿನ ಆಫೀಸಿನವರು ಬಿಸಾಕಿದ್ದ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ನಾವೇ ಬದಲಿಸಬಹುದಾದದ್ದು) ಒಂದನ್ನು ಹೊತ್ತು ತಂದಿದ್ದೆ. ಆಟೋದಲ್ಲಿ ಸರಿಯಾಗಿ ಹೊಂದಲಿಲ್ಲ ಅಂತ ಎರಡೂ ಕಡೆ ಬಿಗಿದು, ಭಾರಿ ಬುದ್ಧಿವಂತ ಅಂದುಕೊಂಡು ಬಸ್ ಹತ್ತಿದ್ದೆ. ಹೋದ ವಾರ ಸುಟ್ಟಿದ್ದು ಅದೇ ಸ್ವಿಚ್.

ಸಾಲು ಅಳಿಸಿ ಆಟೋಸೆಲೆಕ್ಟ್ ಕೊಟ್ಟೆ. ಫೈಲ್ 31 ಸೆಕೆಂಡಿಗೆ ಹೋಯಿತು.

"ಹಂಗಾದ್ರೆ ತಪ್ಪು ಯಾರ್ದು?" ಅಂದರು ಮಾವ, ಮಂಡಕ್ಕಿ ತಿನ್ನುತ್ತಾ. ಸ್ವಿಚ್ಚಿಂದು ಅಂದೆ. ನೀವು ಯಾರಾದರೂ ಮಂಡಿ ಕಡೆ ಹೋದರೆ ಹಂಗೇ ಹೇಳಿ.