ಸ್ಪಷ್ಟನೆ: ಇಂಟರ್ನೆಟ್ ನಿಂತಿರುವುದು ‘13 ಕಂಪ್ಯೂಟರ್‌ಗಳ’ ಮೇಲಲ್ಲ

‘ಇಡೀ ಇಂಟರ್ನೆಟ್ ನಡೆಯುವುದೇ 13 ರೂಟ್ ಸರ್ವರ್‌ಗಳಿಂದ, ಅವನ್ನು ಕೆಡವಿದರೆ ಕ್ಷಣದಲ್ಲಿ ಎಲ್ಲವೂ ಸ್ತಬ್ಧ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ರೂಟ್ ಸರ್ವರ್ ಎಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯ ಮೇಲಿನ ಮೆಟ್ಟಿಲಿನ ಸರ್ವರ್.

13 ಎಂಬುದು ಯಂತ್ರಗಳ ಲೆಕ್ಕವಲ್ಲ, ಹೆಸರುಗಳ ಲೆಕ್ಕ: ‘ಎ’ಯಿಂದ ‘ಎಂ’ವರೆಗೆ. ಹಿಂದೆ ಡಿಎನ್‌ಎಸ್ ಉತ್ತರ 512 ಬೈಟ್‌ಗಳ ಒಂದೇ ಯುಡಿಪಿ ಪ್ಯಾಕೆಟ್‌ನಲ್ಲಿ (ಜಾಲದಲ್ಲಿ ಸಾಗುವ ದತ್ತಾಂಶದ ಪೊಟ್ಟಣ) ಹಿಡಿಯಬೇಕಿತ್ತು. ಹಾಗಾಗಿ ಪಟ್ಟಿ ಅಲ್ಲಿಗೇ ನಿಂತಿತು. 12 ಸಂಸ್ಥೆಗಳು ಇವನ್ನು ನಡೆಸುತ್ತವೆ. ಎನಿಕಾಸ್ಟ್ ವಿಧಾನದಲ್ಲಿ ಒಂದೇ ಐಪಿ ವಿಳಾಸಕ್ಕೆ ಹಲವು ಊರುಗಳ ಸರ್ವರ್‌ಗಳು ಉತ್ತರಿಸುವುದರಿಂದ ಒಟ್ಟು ನೆಲೆಗಳು ಸಾವಿರಕ್ಕೂ ಹೆಚ್ಚು.

‘ಕ್ಷಣದಲ್ಲಿ’ ಎಂಬುದಂತೂ ಶುದ್ಧ ಉತ್ಪ್ರೇಕ್ಷೆ. ರೂಟ್ ಹೇಳುವುದು ‘ಡಾಟ್ ಕಾಮ್’ನಂಥ ವಲಯದ ಸರ್ವರ್ ಎಲ್ಲಿದೆ ಎಂಬುದನ್ನಷ್ಟೇ. ಆ ಉತ್ತರದ ಟಿಟಿಎಲ್ (ಅದನ್ನು ಉಳಿಸಿಟ್ಟು ಬಳಸಬಹುದಾದ ಅವಧಿ) 1,72,800 ಸೆಕೆಂಡ್, ಅಂದರೆ ಎರಡು ದಿನ; ಅಷ್ಟು ಹೊತ್ತು ರಿಸಾಲ್ವರ್ (ನಮ್ಮ ಪರವಾಗಿ ವಿಳಾಸ ಹುಡುಕುವ ಸರ್ವರ್) ತನ್ನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಇರುವುದನ್ನೇ ಬಳಸಬಹುದು. 2002ರ ಅಕ್ಟೋಬರ್ 21ರಂದು 13ರ ಮೇಲೂ ಒಟ್ಟಿಗೇ ದಾಳಿಯಾದಾಗ ಬಹುತೇಕ ಬಳಕೆದಾರರಿಗೆ ಗೊತ್ತೇ ಆಗಲಿಲ್ಲ.

ಪೆಟ್ಟು ಬೀಳುವುದು ಕೆಳಗಿನ ಮೆಟ್ಟಿಲಲ್ಲಿ, ಅಂದರೆ ಆಯಾ ತಾಣದ ವಿಳಾಸ ಹೇಳುವ ನೇಮ್‌ಸರ್ವರ್‌ಗಳಲ್ಲಿ. 2016ರಲ್ಲಿ ಡಿಎನ್‌ಎಸ್ ಸೇವೆ ಕೊಡುತ್ತಿದ್ದ ಡೈನ್ ಕಂಪನಿಯ ಮೇಲೆ ಮಿರಾಯ್ ಬಾಟ್‌ನೆಟ್ (ಸೋಂಕು ತಗುಲಿದ ಸಾಧನಗಳ ಜಾಲ) ಮುಗಿಬಿದ್ದಾಗ, ಅದೊಂದನ್ನೇ ನೆಚ್ಚಿದ್ದ ತಾಣಗಳು ಮುಗ್ಗರಿಸಿದವು. ನಿಮ್ಮ ಡೊಮೇನ್‌ಗೆ ಇಬ್ಬರು ಪೂರೈಕೆದಾರರ ನೇಮ್‌ಸರ್ವರ್ ಇಡಿ. ಟಿಟಿಎಲ್ 60 ಸೆಕೆಂಡ್‌ಗೆ ಇಳಿಸಿದ್ದರೆ ಕ್ಯಾಶ್‌ನ ಆಸರೆ ಒಂದೇ ನಿಮಿಷ, ನೆನಪಿರಲಿ.